ಆರಡಿ ಮಗಳು, ಒಂಟೆ ಸೈಕಲ್ಲು

ನನ್ನ ಮಗಳ ಎತ್ತರ ಆರಡಿ ಒಂದಿಂಚು. ಮದುವೆಗೆ ಹುಡುಗ ಸಿಗುತ್ತಾನಾ, ಬಾಸ್ಕೆಟ್‌ಬಾಲ್ ಆಡುತ್ತಾಳಾ, ಚಿಕ್ಕವಳಿದ್ದಾಗ ಏನು ತಿನ್ನಿಸಿದಿರಿ ಎಂದು ದಯವಿಟ್ಟು ಕೇಳಬೇಡಿ. ಗೊತ್ತಿಲ್ಲ, ಇಲ್ಲ, ಅನ್ನ ಸಾರು. ನಾನು ಐದಡಿ ಎರಡಿಂಚು. ನನ್ನ ಗಂಡ ನನಗಿಂತ ನಾಲ್ಕು ಬೆರಳು ಮೇಲೆ, ಅಷ್ಟೇ. ಈ ಎತ್ತರ ಯಾರ ಕಡೆಯಿಂದ ಬಂತು ಎಂದು ನಾನೂ ಅತ್ತೆಯೂ ಇನ್ನೂ ವಾದ ಮಾಡುತ್ತಲೇ ಇದ್ದೇವೆ.

ಎತ್ತರದ ವಿಷಯ ಮೊದಲೇ ಹೇಳಿದ್ದು ಯಾಕೆಂದರೆ, ಅಂಗಡಿಯಲ್ಲಿ ಸಿಗುವ ಯಾವ ಸೈಕಲ್ಲನ್ನೂ ಅವಳಂಥವರಿಗಾಗಿ ಮಾಡಿರುವುದಿಲ್ಲ. ಗಂಡಸರ ದೊಡ್ಡ ಸೈಕಲ್ಲಿನ ಮೇಲೆ ಕೂತರೂ ಸರ್ಕಸ್ಸಿನ ಕರಡಿ ಕೂತ ಹಾಗೆ ಕಾಣುತ್ತಾಳೆ. ಹೀಗೆಂದವಳು ನಾನಲ್ಲ, ಅವಳೇ. ಮಂಡಿ ಹ್ಯಾಂಡಲ್ಲಿಗೆ ಬಡಿಯುತ್ತದೆ. ನಿಧಾನವಾಗಿ ತಿರುಗುವಾಗ ಕಾಲಿನ ತುದಿ ಮುಂದಿನ ಚಕ್ರಕ್ಕೆ ತಗುಲುತ್ತದೆ. ಹಾಗೆ ತಗುಲಿಯೇ ಒಂದು ಸಂಜೆ, ಆಫೀಸಿನಿಂದ ಬರುವಾಗ, ಹಲಸೂರು ಕೆರೆಯ ತಿರುವಿನಲ್ಲಿ ಬಿದ್ದಳು. ಮನೆಗೆ ಬಂದು ಮೊಸರನ್ನ ಕಲಸಿಕೊಳ್ಳುತ್ತಾ ಹೇಳಿದಳು:

"ಹಿಂದೆ ಬಸ್ ಬರ್ತಿತ್ತು. ಬ್ರೇಕ್ ಹಾಕ್ದ. ಒಳ್ಳೇ ಡ್ರೈವರ್ ಅಮ್ಮ, ಇಳ್ದು ಬಂದು ಚೆನ್ನಾಗಿ ಬೈದ."

ಆ ಬಸ್ಸನ್ನು ನಾನು ನೋಡಿಲ್ಲ. ಆದರೆ ಅದರ ಬ್ರೇಕಿನ ಕಿರುಚಾಟ ಅವತ್ತಿನಿಂದ ನನ್ನ ಕಿವಿಯಲ್ಲಿ ಮನೆ ಮಾಡಿಕೊಂಡಿತು. ಕುಕ್ಕರ್ ಕೂಗಿದರೂ ಎದೆ ಧಸಕ್ಕೆನ್ನುತ್ತಿತ್ತು.

"ನಾಳೆಯಿಂದ ಮೆಟ್ರೋದಲ್ಲಿ ಹೋಗು" ಅಂದೆ.

"ಮೆಟ್ರೋದಲ್ಲಿ ಎಲ್ರೂ ನನ್ನನ್ನೇ ಕಂಬ ಅನ್ಕೊಂಡ್ ಹಿಡ್ಕೋತಾರೆ. ನಂಗ್ ಬೇಡ."

ನನ್ನ ಗಂಡ ವಿಮಾ ಕಚೇರಿಯ ನೌಕರ. ದಿನವಿಡೀ ಬೇರೆಯವರ ಅಪಘಾತದ ಕ್ಲೇಮುಗಳನ್ನೇ ನೋಡುವ ಮನುಷ್ಯ, ಮನೆಗೆ ಬಂದರೆ ಬಾಯಲ್ಲಿ ಒಂದೇ ಮಾತು: "ಏನಾಗಲ್ಲ ಬಿಡೆ." ಮಗಳು ಸೈಕಲ್ ಬಿಡುವವಳಲ್ಲ. ಬಿಡದಿದ್ದ ಮೇಲೆ ಅವಳ ಮೈಯಳತೆಗೆ ಸರಿಯಾದ ಸೈಕಲ್ಲಾದರೂ ಇರಲಿ, ಇನ್ನೊಂದು ಬಸ್ಸಿನ ಡ್ರೈವರು ಅಷ್ಟು ಒಳ್ಳೆಯವನಾಗಿರಬೇಕೆಂದೇನೂ ಇಲ್ಲವಲ್ಲ ಎಂದು ಹುಡುಕಲು ಶುರು ಮಾಡಿದೆ.

ಸಿಕ್ಕಿದ್ದು ಬನ್ನು ತರಲು ಹೋದಾಗ. ನಮ್ಮ ಬಡಾವಣೆಯ ಬೋರ್ಡಿನಲ್ಲಿ ಸರ್ವಜ್ಞನಗರ ಎಂದಿರುತ್ತದೆ, ಬಾಯಲ್ಲಿ ಎಲ್ಲರಿಗೂ ಕಾಕ್ಸ್‌ಟೌನೇ. ಬೇಕರಿಯ ಹಿಂದಿನ ಬೀದಿಯಲ್ಲಿ ಒಂದು ಹಳೇ ಹೆಂಚಿನ ಮನೆಯನ್ನು ಫ್ಲ್ಯಾಟಿಗಾಗಿ ಕೆಡವುತ್ತಿದ್ದರು. ಕಾಂಪೌಂಡಿಗೆ ಒಂದು ಸೈಕಲ್ಲು ಒರಗಿಸಿದ್ದರು. ತುಕ್ಕು, ಜೇಡರ ಬಲೆ, ಟೈರಿಲ್ಲ, ಸೀಟಿಲ್ಲ. ಆದರೆ ಅದರ ಮೇಲಿನ ಕೊಳವೆ ನನ್ನ ಸೊಂಟದ ಮಟ್ಟಕ್ಕೆ ಬರುತ್ತಿತ್ತು. ಅಂಥ ಸೈಕಲ್ಲನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಮನೆಯ ಯಜಮಾನಿ, ಗೌನು ತೊಟ್ಟ ವಯಸ್ಸಾದ ಹೆಂಗಸು, ಕುರ್ಚಿ ಹಾಕಿಕೊಂಡು ಕೂಲಿಯವರ ಮೇಲೆ ಕಣ್ಣಿಟ್ಟಿದ್ದರು. ನನ್ನ ಮಗಳ ಎತ್ತರ ಹೇಳಿ, ಸೈಕಲ್ಲು ಯಾರದ್ದೆಂದು ಕೇಳಿದೆ.

"ನಮ್ ಬ್ರದರ್‌ದು. ಇಂಗ್ಲೆಂಡ್‌ದು ಅದು. ಟೆಂಟ್ ಕಟ್ಕೊಂಡು ಊಟಿವರ್ಗೂ ಹೋಗ್ತಿದ್ದ. ಅವ್ನೂ ತೆಂಗಿನ್ ಮರ. ಅವ್ನ್ ಬಿಟ್ರೆ ನಮ್ಮನೇಲಿ ಯಾರ್ಗೂ ಕಾಲು ಎಟಕ್ತಿರ್ಲಿಲ್ಲ."

"ಈಗ ಅವ್ರು…?"

"ಪರ್ತ್‌ನಲ್ಲಿದಾನೆ. ಮೊಮ್ಮಕ್ಕಳ ಜೊತೆ ಟೀವಿ ನೋಡ್ತಾನೆ. ನೀವ್ ತಗೊಳ್ಳಿ, ಸುಮ್ನೆ ಗುಜರಿಗೆ ಹೋಗುತ್ತೆ." ನಾನು ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಗೇಟು ದಾಟುವಾಗ ಹಿಂದಿನಿಂದ ಕೂಗಿ ಹೇಳಿದರು: "ಒಂದ್ಸಲ ಎತ್ತಿನ್ ಗಾಡಿಗೆ ಗುದ್ದಿದ್ದ! ಜಾಸ್ತಿ ಏನಾಗಿಲ್ಲ!"

ಆ 'ಜಾಸ್ತಿ' ಎಂಬ ಒಂದು ಪದ ನನ್ನ ಎರಡು ತಿಂಗಳ ನಿದ್ದೆ ತಿಂದಿತು.

ನನಗೆ ಈ ಕೆಲಸ ಹೇಗೆ ಬರುತ್ತದೆ ಎಂದರೆ, ನಮ್ಮಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕಾಲೋನಿಯ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ಅಪ್ಪ ಏನಾದರೂ ಬಿಚ್ಚುತ್ತಿದ್ದರೆ ನಾನು ಎದುರು ಕೂತು ನಟ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದೆ. ಅಪ್ಪ ಹೋದ ಮೇಲೆ ತಮ್ಮನಿಗೆ ಸೈಟು ಬಂತು, ನನಗೆ ಸ್ಪ್ಯಾನರ್ ಪೆಟ್ಟಿಗೆ ಬಂತು. ಈ ಹಂಚಿಕೆಯ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಸೈಕಲ್ಲನ್ನು ಬಾಲ್ಕನಿಯಲ್ಲಿ ತೂಗುಹಾಕಿ ಮೊದಲು ಮಾಡಿದ ಕೆಲಸ ದಾರ ಕಟ್ಟಿ ನೋಡಿದ್ದು. ಹಿಂದಿನ ಚಕ್ರ ಕೂರುವ ಒಂದು ಕಿವಿಯಿಂದ ದಾರ ಹೊರಟು, ಹ್ಯಾಂಡಲ್ ಕೂರುವ ಮುಂದಿನ ಕೊಳವೆಯನ್ನು ಸುತ್ತಿ, ಇನ್ನೊಂದು ಕಿವಿಗೆ ಬರಬೇಕು. ಸೀಟಿನ ಕೆಳಗಿನ ನಡುವಿನ ಕೊಳವೆಯಿಂದ ದಾರಕ್ಕೆ ಎರಡೂ ಕಡೆ ಸಮ ದೂರವಿದ್ದರೆ ಸೈಕಲ್ಲಿನ ಮೈ ಸೊಟ್ಟಗಾಗಿಲ್ಲ ಎಂದರ್ಥ. ಸಮ ಇತ್ತು. ಮರುದಿನ ಮತ್ತೆ ಕಟ್ಟಿದೆ. ಸಮವೇ ಇತ್ತು. ಅದರ ಮರುದಿನವೂ ಕಟ್ಟುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು, "ದಿನಾ ದಾರ ಕಟ್ತೀಯಲ್ಲ, ಏನ್ ಅರಳಿ ಮರಾನಾ ಅದು?" ಅಂದರು.

ಆಮೇಲೆ ಮುಂದಿನ ಕೊಳವೆಯ ಸಂದಿಯಲ್ಲಿ ಕೂದಲೆಳೆಯಂಥ ಒಂದು ಗೆರೆ ಕಾಣಿಸಿತು. ಅತ್ತೆ ಪಂಚಾಂಗ ಓದುವ ಭೂತಗನ್ನಡಿ ಹಿಡಿದು ನೋಡಿದೆ. ಗೆರೆಯೇ. ಎತ್ತಿನ ಗಾಡಿ, ಎತ್ತಿನ ಗಾಡಿ ಎಂದು ತಲೆಯೊಳಗೆ ಬಡಿಯತೊಡಗಿತು. ಇಳಿಜಾರಿನಲ್ಲಿ ಹೋಗುವಾಗ ಅಲ್ಲಿ ಮುರಿದರೆ ಮುಖ ಎಲ್ಲಿಗೆ ಹೋಗಿ ಬಡಿಯುತ್ತದೆ ಎಂದು ನಾನು ಯೋಚಿಸಬಾರದಿತ್ತು, ಯೋಚಿಸಿದೆ.

ಶನಿವಾರ ಮಗಳನ್ನೂ ಸೈಕಲ್ಲನ್ನೂ ಶಿವಾಜಿನಗರಕ್ಕೆ ಕರೆದೊಯ್ದೆ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಚಕ್ರ ಕಟ್ಟುವ ಒಬ್ಬ ಮೇಸ್ತ್ರಿಯ ಅಂಗಡಿಯಿದೆ. ನನ್ನದೇ ವಯಸ್ಸು, ಬಾಯಿ ನನಗಿಂತ ಜೋರು.

"ಯಾ ಅಲ್ಲಾ! ಇದ್ ಸೈಕಲ್ಲಾ ಮೇಡಂ? ಊಂಟ್ ಇದು, ಊಂಟ್! ಒಂಟೆ! ಹತ್ತಕ್ಕೆ ಏಣಿ ಎಲ್ಲಿ?"

ಅಷ್ಟರಲ್ಲಿ ಮಗಳು ಅಂಗಡಿಯ ಮುಂದಿನ ತಗಡಿನ ಶೀಟಿಗೆ ತಲೆ ತಾಗದ ಹಾಗೆ ಬಗ್ಗಿ ಒಳಗೆ ಬಂದಳು. ಆತ ಕೆಳಗಿನಿಂದ ಮೇಲಿನವರೆಗೆ ನೋಡಿ, "ಮಾಷಾ ಅಲ್ಲಾ. ಏಣಿ ಬೇಡ" ಅಂದ. ಮಗಳು ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ. ಗೆರೆ ತೋರಿಸಿದೆ. ಆತ ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿ, ಉಗುರಿನಿಂದ ಕೆರೆದು, "ಪೇಂಟ್ ಮೇಡಂ. ಲೋಹಾಗೆ ಏನಾಗಿಲ್ಲ" ಅಂದ.

"ಗ್ಯಾರಂಟಿನಾ?"

"ಗ್ಯಾರಂಟಿ ನಂಗೇ ಇಲ್ಲ ಮೇಡಂ, ಸೈಕಲ್‌ಗೆ ಎಲ್ಲಿಂದ ತಂದ್ ಕೊಡ್ಲಿ? ಏನಾಗಲ್ಲ, ಹೋಗಿ."

ಅಲ್ಲೂ ಅದೇ 'ಏನಾಗಲ್ಲ'. ಮನೆಗೆ ತಂದು ಆ ಜಾಗದ ಬಣ್ಣವನ್ನು ಪೂರಾ ಕೆರೆದು ತೆಗೆದೆ. ಒಳಗೆ ಉಕ್ಕು ಹೊಳೆಯುತ್ತಿತ್ತು, ಗೆರೆಯಿರಲಿಲ್ಲ. ಮೇಸ್ತ್ರಿಯ ಮಾತು ನಿಜವಾಗಿತ್ತು. ಆದರೆ ಒಂದು ಭಯ ಹೋದ ಜಾಗದಲ್ಲಿ ಇನ್ನೊಂದು ಬಂದು ಕೂರುವುದು ನನ್ನ ಸ್ವಭಾವ. ಬ್ರೇಕು ಹಿಡಿಯುತ್ತದಾ? ಹಳೇ ಅಳತೆಯ ಟೈರು ಸಿಕ್ಕಿದ್ದು ಒಂದೇ ಜೊತೆ, ಅದೂ ಎಷ್ಟು ವರ್ಷ ಗೋಡೌನಿನಲ್ಲಿತ್ತೋ, ಬಿರಿದರೆ? ಮೇಸ್ತ್ರಿ ಹೊಸ ಕಡ್ಡಿ ಹಾಕಿ ಚಕ್ರ ಕಟ್ಟಿಕೊಟ್ಟ. ತುಕ್ಕು ಹಿಡಿದು ಕೂತಿದ್ದ ಸೀಟಿನ ಕಂಬವನ್ನು ನಾನು ಎಣ್ಣೆ ಬಿಟ್ಟು, ಬಿಸಿನೀರು ಹುಯ್ದು, ಒಂದು ವಾರ ಬೇಡಿಕೊಂಡು ಕಿತ್ತೆ. ಪೆಡಲಿನ ಅಚ್ಚಿಗೆ ಹೊಸ ಬೇರಿಂಗ್ ಗುಂಡು, ಹೊಸ ಗ್ರೀಸು. ಬಾಗಿದ ಹ್ಯಾಂಡಲ್ಲಿಗೆ ಹತ್ತಿಯ ಪಟ್ಟಿ.

ಕೊನೆಗೆ ಉಳಿದದ್ದು ಹ್ಯಾಂಡಲ್ಲಿನ ಎತ್ತರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೇ ಸೈಕಲ್ಲುಗಳಲ್ಲಿ ಹ್ಯಾಂಡಲ್ಲಿಗೆ ಒಂದು ಕಂಬವಿರುತ್ತದೆ. ಅದು ಮುಂದಿನ ಕೊಳವೆಯೊಳಗೆ ಇಳಿದಿರುತ್ತದೆ. ಅದನ್ನು ಒಳಗಿನಿಂದ ಬಿಗಿಯಾಗಿ ಹಿಡಿಯುವುದು ಒಂದೇ ಒಂದು ಉದ್ದ ಬೋಲ್ಟು. ಅದು ಸಡಿಲವಾಗಿದ್ದರೆ ನೀವು ಹ್ಯಾಂಡಲ್ಲನ್ನು ಬಲಕ್ಕೆ ತಿರುಗಿಸಿದರೂ ಚಕ್ರ ತನ್ನ ಪಾಡಿಗೆ ತಾನು ನೇರ ಹೋಗುತ್ತದೆ. ಮಗಳ ಉದ್ದ ಬೆನ್ನಿಗೆ ಹೊಂದುವ ಎತ್ತರದ ಕಂಬವೊಂದನ್ನು ಮೇಸ್ತ್ರಿ ಡಬ್ಬ ಕೆದಕಿ ಹುಡುಕಿ ಕೊಟ್ಟಿದ್ದ. ಅದನ್ನು ಕೂರಿಸಲು ಬಿಡುವು ಸಿಕ್ಕಿದ್ದು ಆಯುಧಪೂಜೆಯ ದಿನ.

ಕಾರ್ಖಾನೆ ಕಾಲೋನಿಯಲ್ಲಿ ಬೆಳೆದವರಿಗೆ ಆಯುಧಪೂಜೆ ಎಂದರೆ ಯುಗಾದಿಗಿಂತ ದೊಡ್ಡದು. ಅವತ್ತು ಸ್ಪ್ಯಾನರು, ಸುತ್ತಿಗೆ, ಕತ್ತರಿ, ಈಳಿಗೆ ಎಲ್ಲವೂ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು ದೇವರ ಮುಂದೆ ಮಲಗುತ್ತವೆ. ಒಮ್ಮೆ ಮಲಗಿದ ಮೇಲೆ ಮರುದಿನ ದಶಮಿಯ ಬೆಳಿಗ್ಗೆ ಮತ್ತೆ ಆರತಿ ಎತ್ತುವವರೆಗೆ ಮುಟ್ಟುವಂತಿಲ್ಲ. ವರ್ಷಪೂರ್ತಿ ದುಡಿದ ಉಪಕರಣಕ್ಕೆ ಒಂದು ದಿನದ ರಜೆ. ಅಪ್ಪನಿಗೆ ಈ ವಿಷಯದಲ್ಲಿ ಎರಡು ಮಾತಿರಲಿಲ್ಲ. ಅತ್ತೆಗೆ ಒಂದು ಮಾತೂ ಇಲ್ಲ.

ಮಗಳನ್ನು ಗೋಡೆಗೆ ಒರಗಿಸಿದ ಸೈಕಲ್ಲಿನ ಮೇಲೆ ಕೂರಿಸಿ, ಹ್ಯಾಂಡಲ್ಲು ಮೇಲೆ ಕೆಳಗೆ ಮಾಡಿ ನೋಡುತ್ತಿದ್ದೆ. "ಇನ್ನ ಸ್ವಲ್ಪ ಮೇಲೆ… ಹಾಂ, ಅಲ್ಲೇ. ಅಮ್ಮ, ಮೊದಲ್ನೇ ಸಲ ಬೆನ್ನು ಹಾಯಾಗಿದೆ" ಅಂದು ಇಳಿದು ಸೀರೆ ಉಟ್ಟುಕೊಳ್ಳಲು ಒಳಗೆ ಹೋದಳು. ನಾನು ಬೋಲ್ಟನ್ನು ಬೆರಳಿನಿಂದ ತಿರುಗಿಸಿ ಕೂರಿಸಿದೆ. ಇನ್ನು ಸ್ಪ್ಯಾನರ್ ಹಾಕಬೇಕು.

"ಏನೇ, ಸ್ಪ್ಯಾನರ್ ತಾ ಇಲ್ಲಿ. ಹೊತ್ತು ಮೀರ್ತಿದೆ."

"ಅತ್ತೆ, ಐದೇ ನಿಮ್ಷ."

"ನಿನ್ನ ಐದ್ ನಿಮ್ಷ ನಂಗೊತ್ತು. ಮೊನ್ನೆ ಸಾರು ಸೀದಿದ್ದು ಅದ್ರಲ್ಲೇ. ತಾ ಅಂದ್ರೆ ತಾ."

ಸ್ಪ್ಯಾನರ್ ಹೋಯಿತು, ಸೋಪಿನಲ್ಲಿ ಮಿಂದು ಕುಂಕುಮ ಇಟ್ಟುಕೊಂಡಿತು. ಬೆಳಿಗ್ಗೆ ಆರತಿಯಾದ ಕೂಡಲೇ ಬಿಗಿ ಮಾಡಿದರಾಯಿತು, ಮಗಳು ಹೊರಡುವುದು ಎಂಟಕ್ಕೆ ಎಂದುಕೊಂಡೆ. ಅವಳ ಸೈಕಲ್ ಗುಂಪು ವಿಜಯದಶಮಿಗೆಂದು ಕೆ.ಆರ್. ಪುರದಿಂದ ಹೊಸಕೋಟೆ ಕೆರೆಯವರೆಗೆ ಹೋಗಿಬರುವುದೆಂದು ಗೊತ್ತಾಗಿತ್ತು. ಮಗಳು ಇನ್ನೂ ಒಳಗಿದ್ದಳು, ಕಾರಿಗೆ ಬಾಳೆಕಂದು ಕಟ್ಟುತ್ತಿದ್ದ ಗಂಡನಿಗೆ ಹೇಳಿದೆ: "ರೀ, ನಾಳೆ ನಾನು ಬೋಲ್ಟ್ ಬಿಗಿ ಮಾಡೋವರ್ಗೂ ಸೈಕಲ್ ಯಾರೂ ಮುಟ್ಬೇಡಿ."

"ಹೂಂ" ಅಂದರು. ಅವರ 'ಹೂಂ'ಗೆ ಎಷ್ಟು ಬೆಲೆ ಎಂದು ಇಷ್ಟು ವರ್ಷವಾದರೂ ನಾನು ಕಲಿತಿಲ್ಲ.

ಸೈಕಲ್ಲಿಗೆ ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು ಹಿಚುಕಿಸಿದೆವು. ಗೇಟಿನ ಮುಂದೆ ಬೂದುಗುಂಬಳ ಒಡೆದೆವು. ಮಗಳು ಅದರ ಜೊತೆ ನಿಂತು ಫೋಟೋ ತೆಗೆಸಿಕೊಂಡಳು. ಬೀದಿಯವರೆಲ್ಲ ಬಂದು ನೋಡಿ, "ಅಂತೂ ರೆಡಿ ಆಯ್ತಲ್ಲ!" ಅಂದರು.

ದಶಮಿಯ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋದೆ. ಹೊರಗೆ ಬಂದು ನೋಡಿದರೆ ಗೇಟಿನ ಪಕ್ಕ ಹಾರ ಮಾತ್ರ ಇತ್ತು. ನೀಟಾಗಿ ಮಡಚಿ ಕಾಂಪೌಂಡಿನ ಮೇಲಿಟ್ಟಿದ್ದಳು.

"ಸೈಕಲ್ ಎಲ್ಲ್ರೀ?"

ಪೇಪರಿನ ಹಿಂದಿನಿಂದ ಗಂಡ ಹೇಳಿದರು: "ಹೋದ್ಲಲ್ಲ. ಬಿಸ್ಲಾಗುತ್ತೆ ಅಂತ ಬೇಗ ಹೊರಡ್ತಾರಂತೆ."

"ಬೋಲ್ಟ್ ಬಿಗಿ ಮಾಡಿಲ್ಲ ಅಂದಿದ್ನಲ್ಲ!"

"ಪೂಜೆ ಆಯ್ತಲ್ಲೇ ಮತ್ತೆ?"

ಅಷ್ಟೇ ಅವರ ಲೆಕ್ಕ. ಪೂಜೆ ಆದ ಗಾಡಿ ಎಂದರೆ ತಯಾರಾದ ಗಾಡಿ. ಊರಿಗೆಲ್ಲ ಹಾಗೆಯೇ, ಮಗಳಿಗೂ ಹಾಗೆಯೇ. ಅರ್ಧ ಕಟ್ಟಿದ ಸೈಕಲ್ಲಿಗೆ ಯಾರಾದರೂ ಹಾರ ಹಾಕುತ್ತಾರಾ? ಫೋನು ಮಾಡಿದೆ. ಫೋನು ಅವಳ ಕೋಣೆಯಲ್ಲೇ, ಚಾರ್ಜಿಗೆ ಹಾಕಿದ ಜಾಗದಲ್ಲೇ ಹಾಡಿತು.

ದೇವರ ಮನೆಗೆ ಓಡಿದೆ. ಅತ್ತೆ ಆರತಿ ತಟ್ಟೆಗೆ ಬತ್ತಿ ಹೊಸೆಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಸಾಲಿನಿಂದ ಸ್ಪ್ಯಾನರ್ ಎತ್ತಿ ಕೈಗಿಟ್ಟರು.

"ಆರತಿ ಆಗಿಲ್ಲ ಅತ್ತೆ…"

"ಬಾಯ್ ಮುಚ್ಕೊಂಡ್ ಹೋಗೇ. ಆಯುಧ ಇರೋದ್ ಯಾತಕ್ಕೆ?"

ತಲೆಗೆ ಟವೆಲ್ ಸುತ್ತಿಕೊಂಡೇ ಸ್ಕೂಟರ್ ಹತ್ತಿದೆ.

ಆಯುಧಪೂಜೆಯ ಮರುದಿನದ ಬೆಂಗಳೂರು ರಸ್ತೆಗಳನ್ನು ನೀವು ನೋಡಿದ್ದೀರಿ. ಪ್ರತಿ ಅಂಗಡಿ, ಪ್ರತಿ ಗ್ಯಾರೇಜು, ಪ್ರತಿ ಆಟೋ ಸ್ಟ್ಯಾಂಡಿನ ಮುಂದೆ ಒಡೆದ ಕುಂಬಳಕಾಯಿ. ತಿರುಳು, ಬೀಜ, ಕುಂಕುಮದ ಕೆಂಪು ನೀರು. ಎರಡು ಚಕ್ರದವರಿಗೆ ಅದು ಎಣ್ಣೆ ಚೆಲ್ಲಿದಷ್ಟೇ ಅಪಾಯ. ಪ್ರತಿಯೊಂದನ್ನೂ ತಪ್ಪಿಸಲು ಹ್ಯಾಂಡಲ್ ತಿರುಗಿಸಬೇಕು. ನನ್ನ ಮಗಳ ಸೈಕಲ್ಲಿನಲ್ಲಿ ಆ ಹ್ಯಾಂಡಲ್ಲನ್ನು ಹಿಡಿದಿದ್ದದ್ದು ನನ್ನ ಎರಡು ಬೆರಳಿನ ಬಲ. ಹಬ್ಬದ ರಜೆ, ಹಳೇ ಮದರಾಸು ರಸ್ತೆ ಅರ್ಧ ಖಾಲಿ. ಖಾಲಿ ರಸ್ತೆಯಲ್ಲಿ ಬಾಳೆಕಂದು ಕಟ್ಟಿದ ಬಸ್ಸುಗಳು ಎಂದಿಗಿಂತ ಜೋರಾಗಿ ಹೋಗುತ್ತಿದ್ದವು. ದೂರದಲ್ಲಿ ಜನ ಗುಂಪಾಗಿ ನಿಂತದ್ದು ಕಂಡಾಗಲೆಲ್ಲ ಸ್ಕೂಟರ್ ನಿಧಾನ ಮಾಡಿ ಕತ್ತು ಚಾಚುತ್ತಿದ್ದೆ. ಒಂದು ಗುಂಪು ಟೀ ಅಂಗಡಿಯದ್ದು. ಇನ್ನೊಂದು ಬರೀ ಬಸ್ಸಿಗೆ ಕಾಯುತ್ತಿದ್ದವರದ್ದು. ನಾನು ಪ್ರಾರ್ಥನೆ ಮಾಡಲಿಲ್ಲ. ರಸ್ತೆಯಲ್ಲಿ ಕುಂಬಳಕಾಯಿಗಳನ್ನು ನೋಡುತ್ತಾ, ಇದನ್ನು ದಾಟಿದ್ದಾಳೆ, ಇದನ್ನೂ ದಾಟಿದ್ದಾಳೆ ಎಂದುಕೊಳ್ಳುತ್ತಾ ಹೋದೆ.

ಬೆನ್ನಿಗಾನಹಳ್ಳಿಯ ಹತ್ತಿರ ಫುಟ್‌ಪಾತಿನ ಪಕ್ಕದಲ್ಲಿ ಅವಳು ನಿಂತಿದ್ದಳು. ಎರಡು ಕಾಲಿನ ಮೇಲೆ, ನೆಟ್ಟಗೆ. ಸೈಕಲ್ಲಿನ ಚಕ್ರ ಒಂದು ಕಡೆ ನೋಡುತ್ತಿತ್ತು, ಹ್ಯಾಂಡಲ್ಲು ಇನ್ನೊಂದು ಕಡೆ.

ಸ್ಟ್ಯಾಂಡ್ ಹಾಕುವುದನ್ನೂ ಮರೆತು ಸ್ಕೂಟರಿನಿಂದ ಇಳಿದುಬಿಟ್ಟೆ. ಅವಳೇ ಬಂದು ಹಿಡಿದುಕೊಂಡಳು.

"ಕುಂಬಳಕಾಯಿ ತಪ್ಸೋಣ ಅಂತ ತಿರುಗ್ಸಿದೆ ಅಮ್ಮ. ಹ್ಯಾಂಡಲ್ ಬಂತು, ಸೈಕಲ್ ಬರ್ಲಿಲ್ಲ. ನೇರ ಅದ್ರ ಮೇಲೇ ಹೋಯ್ತು. ಎರಡೂ ಕಾಲು ಊರ್ಬಿಟ್ಟೆ."

"ಬಸ್ಸು?"

"ಇರ್ಲಿಲ್ಲ. ಆಟೋ ಇತ್ತು, ಸೈಡಲ್ಲಿ ಹೋದ. ಬೈಲೂ ಇಲ್ಲ ಪಾಪ, ಹಬ್ಬ ಅಲ್ವಾ."

"ಹೇಳ್ದೆ ಕೇಳ್ದೆ ಹೊರಟ್ಬಿಡೋದಾ?"

"ಹಾರ ಹಾಕಿದ್ರಲ್ಲಮ್ಮ! ನಂಗೇನ್ ಗೊತ್ತು, ಲೂಸಾಗಿರೋದಕ್ಕೂ ಹಾರ ಹಾಕ್ತೀರಾ ಅಂತ?"

ತಪ್ಪು ಯಾರದ್ದು ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ. ಅತ್ತೆ ನನ್ನ ಐದು ನಿಮಿಷದ್ದು ಎನ್ನುತ್ತಾರೆ, ನಾನು ಗಂಡನ 'ಹೂಂ'ನದ್ದು ಎನ್ನುತ್ತೇನೆ.

"ಟೆಂಪೋ ಕರೀತೀನಿ. ಮನೆಗೆ ಹೋಗೋಣ. ಸಾಕು ಈ ಸೈಕಲ್ ಸಹವಾಸ."

"ಬೇಡ. ಬಿಗಿ ಮಾಡ್ಕೊಡು, ಹೋಗ್ತೀನಿ. ಎಲ್ರೂ ಕೆ.ಆರ್. ಪುರ ಬ್ರಿಡ್ಜ್ ಹತ್ರ ಕಾಯ್ತಿರ್ತಾರೆ."

"ಈಗ ತಾನೆ ಸಾಯ್ತಿದ್ದೆ!"

"ಬೋಲ್ಟ್ ಲೂಸಿತ್ತು, ಅದಕ್ಕೆ. ಟೈಟ್ ಮಾಡು, ಸರಿಹೋಗುತ್ತೆ. ನೀನ್ ಮಾಡಿದ್ರೆ ನಂಗೇನ್ ಭಯ ಇಲ್ಲಮ್ಮ."

ಅವಳು ಅದನ್ನು ನನ್ನನ್ನು ಸಮಾಧಾನ ಮಾಡಲು ಹೇಳಿದಳು. ನನಗೆ ಅದಕ್ಕಿಂತ ಭಯದ ಮಾತು ಇನ್ನೊಂದಿರಲಿಲ್ಲ. ಪೇಂಟಿನ ಗೆರೆಯನ್ನೂ ಹಳೇ ಟೈರನ್ನೂ ಎತ್ತಿನ ಗಾಡಿಯನ್ನೂ ಅವಳು ಯೋಚಿಸಿಯೇ ಇರಲಿಲ್ಲ. ಅದೆಲ್ಲ ಅಮ್ಮ ನೋಡಿಕೊಂಡಿದ್ದಾಳೆ ಎಂದು ಹತ್ತಿ ಹೊರಟಿದ್ದಳು.

ಮುಂದಿನ ಚಕ್ರವನ್ನು ನನ್ನ ಎರಡು ಮಂಡಿಗಳ ನಡುವೆ ಅವುಚಿ, ಹ್ಯಾಂಡಲ್ಲನ್ನು ನೇರ ಮಾಡಿ, ಕಂಬ ಒಳಗೆ ಸಾಕಷ್ಟು ಇಳಿದಿದೆಯೇ ಎಂದು ಗುರುತು ನೋಡಿ, ಸ್ಪ್ಯಾನರ್ ಹಾಕಿದೆ. ಎರಡು ಸಲ ಜಾರಿತು. ಮೂರನೆಯ ಸಲ ಕಚ್ಚಿತು. ಬಿಗಿ ಮಾಡಿ, ಮೈಯೆಲ್ಲ ಬಲ ಹಾಕಿ ಹ್ಯಾಂಡಲ್ಲನ್ನು ತಿರುಚಿದೆ. ಅಲ್ಲಾಡಲಿಲ್ಲ. ಅವಳ ಕೈಯಲ್ಲೂ ತಿರುಚಿಸಿದೆ. ಅಲ್ಲಾಡಲಿಲ್ಲ. ಮತ್ತೆ ಸ್ಪ್ಯಾನರ್ ಹಾಕಲು ಹೋದೆ.

"ಅಮ್ಮ, ಸಾಕು. ಇನ್ನೂ ತಿರುಗ್ಸಿದ್ರೆ ಬೋಲ್ಟೇ ಮುರಿಯುತ್ತೆ."

ನಿಜ. ಅದೂ ಮುರಿಯುವ ವಸ್ತುವೇ. ಕೈ ತೆಗೆದೆ.

ಟೈರಿಗೆ ಮೆತ್ತಿದ್ದ ಕುಂಬಳದ ಬೀಜಗಳನ್ನು ನನ್ನ ಟವೆಲ್ಲಿನಲ್ಲೇ ಒರೆಸಿ, ಅವಳು ಕಾಲು ಬೀಸಿ ಹತ್ತಿದಳು. ಆ ಸೈಕಲ್ಲಿನ ಮೇಲೆ ಅವಳು ಕೂತು ಹೋಗುವುದನ್ನು ರಸ್ತೆಯಲ್ಲಿ ನಾನು ಮೊದಲ ಸಲ ನೋಡಿದ್ದು ಆಗ. ಮಂಡಿ ಎಲ್ಲೂ ತಾಗಲಿಲ್ಲ. ಬೆನ್ನು ಬಾಗಿರಲಿಲ್ಲ. ಸ್ಕೂಟರುಗಳ, ಆಟೋಗಳ ತಲೆಯ ಮೇಲೆ ಅವಳ ತಲೆ ಕಾಣುತ್ತಿತ್ತು. ಒಂದು ಬಸ್ಸು ಅವಳ ಹಿಂದೆ ಬಂತು. ಬಸ್ಸು ನಿಧಾನ ಮಾಡಿ, ಪಕ್ಕಕ್ಕೆ ಸರಿದು, ದಾಟಿ ಹೋಯಿತು. ಬಸ್ಸಿನಾಚೆ ತಲೆ ಮತ್ತೆ ಕಂಡಿತು.

ಹಿಂಬಾಲಿಸಿಕೊಂಡು ಹೋಗಲು ಸ್ಕೂಟರಿನ ಕೀಲಿ ತಿರುಗಿಸಿದವಳು ಆಫ್ ಮಾಡಿದೆ. ಹೊಸಕೋಟೆಯವರೆಗೂ ಒದ್ದೆ ತಲೆಯಲ್ಲಿ ಹೋಗುವುದಾ? ನಾಳೆ? ನಾಡಿದ್ದು?

ಫೋನು ಬಂತು. ಗಂಡ.

"ಸಿಕ್ಕಿದ್ಲಾ?"

"ಸಿಕ್ಕಿದ್ಲು."

"ಕರ್ಕೊಂಡ್ ಬರ್ತಿದ್ದೀಯಾ?"

"ಇಲ್ಲ. ಹೋದ್ಲು."

ಇವತ್ತೊಂದು ದಿನ ಅವರು ಏನಾಗಲ್ಲ ಬಿಡೆ ಅನ್ನಲಿ ಎಂದು ನಾನು ಕಾಯುತ್ತಿದ್ದೆ. ಅನ್ನಲಿಲ್ಲ.

"ಸೈಕಲ್ ಹೆಂಗ್ ಹೋಗ್ತಿದೆ?" ಅಂದರು. ದನಿ ಸಣ್ಣಗಾಗಿತ್ತು.

ಅವಳು ಹೋದ ದಿಕ್ಕಿಗೆ, ಟಿನ್ ಫ್ಯಾಕ್ಟರಿಯ ಕಡೆಗೆ ಕಣ್ಣು ಕಿರಿದು ಮಾಡಿ ನೋಡಿದೆ.

"ನೆಟ್ಟಗ್ ಹೋಗ್ತಿದೆ ರೀ."